ಆಯಿಯ ಕಾಲು ನೋಡಿದಿರಿ, ಕೇಳಿದ್ದಕ್ಕೆ ಉತ್ತರಿಸಲಿಲ್ಲ

ಜಿಲ್ಲೆಯ ಆರೋಗ್ಯದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಮುಂದಿನ ವಾರ ಅಂಕೋಲೆಯಲ್ಲಿ ತಾವು ಮತ್ತೊಮ್ಮೆ ‘ಅಭಿಧಮನಿ ವಿಕಾರಗಳ ಜಾಗೃತಿ ಶಿಬಿರ’ ನಡೆಸುತ್ತೀರೆಂದು ಪತ್ರಿಕೆಯಲ್ಲಿ ಓದಿದೆ. ಕಳೆದ ಶಿಬಿರದಲ್ಲಿ ತಾವು ವೇದಿಕೆ ಹತ್ತಿಸಿ ಎಲ್ಲರಿಗೂ ತೋರಿಸಿದ ಕಾಲು ಈ ಸಲ ಸಿಗುವುದಿಲ್ಲ. ಆ ಕಾಲಿನವಳು, ಹಾರವಾಡದಲ್ಲಿ ಮೀನು ಮಾರುತ್ತಿದ್ದ ಬೇಬಿ, ನನ್ನ ಹೆತ್ತ ಆಯಿ, ಮಳೆಗಾಲ ಮುಗಿಯುವ ಹೊತ್ತಿಗೆ ರಕ್ತ ಹರಿದು ಸತ್ತಳು. ಸಾಯುವಂಥ ಕಾಯಿಲೆ ಅದಾಗಿರಲಿಲ್ಲ.

ತಮಗೆ ಶಿಬಿರಗಳು ಬಹಳ, ಮರೆತಿರಬಹುದು. ದೀಪ ಬೆಳಗಿ, ಹಾರ ಹಾಕಿಸಿಕೊಂಡಾದ ಮೇಲೆ ತಜ್ಞರು ಪರದೆಯ ಮೇಲೆ ಚಿತ್ರ ಬಿಟ್ಟರು. ಅಪಧಮನಿ, ಅಭಿಧಮನಿ, ಲೋಮನಾಳ. ಆಮೇಲೆ ವೇರಿಕೋಸ್ ವೇನ್ಸ್, ವೀನಸ್ ಇನ್‌ಸಫಿಶಿಯನ್ಸಿ, ಡೀಪ್ ವೇನ್ ಥ್ರಾಂಬೋಸಿಸ್. ನಾನು ಶಿರವಾಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ನನಗೇ ಅರ್ಧಕ್ಕರ್ಧ ತಲೆಯ ಮೇಲಿಂದ ಹೋಯಿತು. ಇದೆಲ್ಲವನ್ನೂ ‘ನರ ಉಬ್ಬೂದು’ ಎಂದಷ್ಟೇ ಬಲ್ಲ ಮೀನುಗಾರ ಹೆಂಗಸರಿಗೆ ಏನು ತಿಳಿದೀತು? ಆಗ ತಜ್ಞರು ಆಯಿಯನ್ನು ಕರೆದು, ಸ್ಟೂಲಿನ ಮೇಲೆ ನಿಲ್ಲಿಸಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಸಿದರು. ಮದುವೆಯಾದಂದಿನಿಂದ ಬುಟ್ಟಿ ಹೊತ್ತು ನಡೆದ ಕಾಲು ಅದು. ನೀಲಿ ನರಗಳು ಗಂಟುಗಂಟಾಗಿ ಪಾದದವರೆಗೆ ಇಳಿದಿದ್ದವು. “ಪಠ್ಯಪುಸ್ತಕದಲ್ಲಿ ಇದ್ದ ಹಾಗೇ ಇದೆ” ಎಂದು ತಜ್ಞರು ಸಂತೋಷಪಟ್ಟರು. ಜನ ಚಪ್ಪಾಳೆ ತಟ್ಟಿದರು. ಯಾತಕ್ಕೆಂದು ನನಗೆ ಈಗಲೂ ಗೊತ್ತಾಗಿಲ್ಲ.

ಸ್ಟೂಲಿನಿಂದ ಇಳಿಯುವಾಗ ಆಯಿ ಒಂದೇ ಪ್ರಶ್ನೆ ಕೇಳಿದಳು: “ಡಾಕ್ಟ್ರೇ, ಇದು ಒಡದ್ರೆ ಎಂತಾ ಮಾಡೂದು?”

“ಮೊದಲು ಕಾರವಾರಕ್ಕೆ ಬಂದು ಡಾಪ್ಲರ್ ಸ್ಕ್ಯಾನ್ ಮಾಡಿಸಮ್ಮ” ಎಂದರು ತಜ್ಞರು. ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ತಾವು ಪಕ್ಕದ ಕುರ್ಚಿಯಲ್ಲೇ ಇದ್ದಿರಿ.

ಅದು ಒಡೆದದ್ದು ಬೆಳಿಗ್ಗೆ, ಬಾವಿಕಟ್ಟೆಯ ಹತ್ತಿರ ಬುಟ್ಟಿ ತೊಳೆಯುವಾಗ. ಮೀನಿನ ಮುಳ್ಳು ತಾಗಿತೋ ಏನೋ, ಪಾದದ ಗಂಟಿನ ಹತ್ತಿರ ರಕ್ತ ಚಿಮ್ಮಿತಂತೆ. ಅಪ್ಪ ದೇವಿದಾಸ ದಂಡೆಯಿಂದ ಓಡಿ ಬಂದ. ಕಡಲಿಗೆ ಹೋಗುವ ನಮ್ಮವರಿಗೆಲ್ಲ ಒಂದು ವಿದ್ಯೆ ಗೊತ್ತು: ಬಲೆಯಲ್ಲಿ ಬಂದ ಹಾವು ಕಚ್ಚಿದರೆ ಗಾಯದ ಮೇಲ್ಗಡೆ ಹಗ್ಗ ಬಿಗಿಯುವುದು. ಅಪ್ಪನೂ ಮೊಣಕಾಲಿನ ಕೆಳಗೆ ಬಲೆಯ ಹಗ್ಗ ಬಿಗಿದ. ರಕ್ತ ನಿಲ್ಲಲಿಲ್ಲ, ಹೆಚ್ಚಾಯಿತು. “ಇನ್ನೂ ಬಿಗಿ ಮಾಡ್ರಾ” ಎಂದು ಆಯಿಯೇ ಹೇಳಿದಳಂತೆ. ಮೀನಿನ ಟೆಂಪೋದಲ್ಲಿ ಕಾಲು ಇಳಿಬಿಟ್ಟು ಕೂರಿಸಿಕೊಂಡು ಕಾರವಾರದ ಆಸ್ಪತ್ರೆಗೆ ಹೊರಟ. ಅರ್ಗಾ ದಾಟುವವರೆಗೆ ಮಾತಾಡುತ್ತಿದ್ದಳು, ಬಿಣಗಾದಲ್ಲಿ ಮಾತು ನಿಂತಿತು. ನಾನು ಶಿರವಾಡದಿಂದ ಆಸ್ಪತ್ರೆಗೆ ಓಡಿ ಬಂದಾಗ ಅಲ್ಲಿನ ವೈದ್ಯರು ಅಪ್ಪನನ್ನು ಕೇಳುತ್ತಿದ್ದರು: “ಇದನ್ನ ಯಾರು ಕಟ್ಟಿದ್ದು? ಮೇಲೆ ಕಟ್ಟಿದ್ರೆ ರಕ್ತ ವಾಪಸ್ ಹೋಗೋದಿಲ್ಲ, ಗಾಯದಿಂದಲೇ ಹರೀತದೆ. ಮಲಗಿಸಿ, ಕಾಲು ಎತ್ತಿ, ಬಟ್ಟೆ ಇಟ್ಟು ಒತ್ತಿ ಹಿಡಿದಿದ್ರೆ ಸಾಕಿತ್ತು.”

ಮಲಗಿಸಿ, ಕಾಲು ಎತ್ತಿ, ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಮಾನ್ಯರೇ, ಇದರಲ್ಲಿ ಯಾವ ಶಬ್ದ ಕಷ್ಟದ್ದು? ಇದಕ್ಕೆ ಪರದೆ ಬೇಕಿತ್ತೇ? ಕನ್ನಡದಲ್ಲಿ, ಕೊಂಕಣಿಯಲ್ಲಿ, ಕೊನೆಗೆ ಕೈಸನ್ನೆಯಲ್ಲಾದರೂ ಹೇಳಬಹುದಿತ್ತು. ವೇದಿಕೆಯ ಮೇಲೆ ಕಾಲು ಇತ್ತು, ಒತ್ತಿ ತೋರಿಸಲು ತಮ್ಮ ಹೆಗಲ ಮೇಲೆ ಸನ್ಮಾನದ ಶಾಲೂ ಇತ್ತು. ನಾನು ದೂರು ಕೊಟ್ಟಾಗ ತಮ್ಮ ಕಚೇರಿ ‘ರೋಗಿಗೆ ಶಿಬಿರದಲ್ಲಿ ಸಮಗ್ರ ಮಾಹಿತಿ ನೀಡಲಾಗಿದೆ’ ಎಂದು ಉತ್ತರಿಸಿತು. ನಿಜವೇ. ಅವಳ ಕಾಯಿಲೆಯ ಹೆಸರನ್ನು ಎರಡು ಭಾಷೆಯಲ್ಲಿ ಕೊಟ್ಟಿರಿ. ಅವಳು ಕೇಳಿದ್ದು ಹೆಸರಲ್ಲ.

ಅಪ್ಪ ಈಗ ಕಡಲಿಗೆ ಹೋಗುವುದಿಲ್ಲ. ಹಗ್ಗ ಮುಟ್ಟದೆ ದೋಣಿಯ ಕೆಲಸ ಆಗುತ್ತದೆಯೇ? ಯಾರು ಮನೆಗೆ ಬಂದರೂ “ನಾ ಕಟ್ಟದೇ ಇದ್ದಿದ್ರೆ ಅವ್ಳು ಬದುಕ್ತಿದ್ಳು, ಹೌದಾ?” ಎಂದು ಕೇಳುತ್ತಾನೆ. ನಿನ್ನ ತಪ್ಪಲ್ಲ ಎಂದು ನಾನು ಹೇಳಿ ಹೇಳಿ ಸೋತಿದ್ದೇನೆ. “ನೀ ಮಗಳು, ಹಾಂಗೇ ಹೇಳ್ತೆ. ಡಾಕ್ಟ್ರು ಹೇಳಿದ್ದು ನಾನೇ ಕೇಳಿದ್ನಲ್ಲ” ಎನ್ನುತ್ತಾನೆ. ನನಗೆ ತಮ್ಮ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ಭಯ ಅಪ್ಪನ ಬಗ್ಗೆ ಇದೆ.

ಆದ್ದರಿಂದ ಪರಿಹಾರ ಬೇಡ, ವಿಚಾರಣೆಯ ನಾಟಕವೂ ಬೇಡ. ಮುಂದಿನ ವಾರದ ಶಿಬಿರದಲ್ಲಿ ದೀಪ ಬೆಳಗುವ ಮೊದಲು ಒತ್ತಿ ಹಿಡಿಯುವುದು ಹೇಗೆಂದು ತೋರಿಸಿ. ಅದು ಮುಗಿದ ಮೇಲೆ ಹಾರವಾಡದ ನಮ್ಮ ಮನೆಗೆ ಬನ್ನಿ. ಅಪ್ಪನಿಗೆ ಸುಳ್ಳು ಹೇಳಬೇಡಿ. ಕಟ್ಟಿದ್ದು ತಪ್ಪೆಂದೇ ಹೇಳಿ. ಆದರೆ ಅದು ತಪ್ಪೆಂದು ತಿಳಿಸಬೇಕಾದವರು ನಾವು, ನಿನ್ನ ಹೆಂಡತಿ ಬಾಯಿಬಿಟ್ಟು ಕೇಳಿದಾಗಲೂ ನಾವು ತಿಳಿಸಲಿಲ್ಲ ಎಂದು ತಮ್ಮ ಬಾಯಿಂದಲೇ ಹೇಳಿ. ಆಮೇಲೆ ಅಪ್ಪ ಏನು ಕೇಳುತ್ತಾನೋ ಗೊತ್ತಿಲ್ಲ. ಏನೂ ಕೇಳದಿದ್ದರೆ, ಎದ್ದು ಹೋಗಬೇಡಿ. ಸ್ವಲ್ಪ ಹೊತ್ತು ಅವನ ಎದುರು ಕೂತಿರಿ.

ಇಂತಿ,
ಮನೆಯಲ್ಲಿ ಯಾರೂ ನಂಬದ ವಿಜ್ಞಾನದ ಟೀಚರು,
ವಿನುತಾ
ಶಿರವಾಡ, ಕಾರವಾರ
ಫೆಬ್ರವರಿ ೨೦೦೭