ಅಮ್ಮನ ಹಣೆಗೆ ಇಟ್ಟ ಕರೆಂಟು

ನಂಜನಗೂಡು
೧೨-೨-೨೦೦೯

ನೆರೆದಿರುವ ಮಹಾಜನಗಳೇ! ಹುಬ್ಬಳ್ಳಿಯ ಪಡಸಾಲೆಯಲ್ಲಿ ಆಸೀನರಾಗಿರುವ ಬೀಗರೇ, ಬೀಗಿತ್ತಿಯವರೇ, ಅಳಿಯಂದಿರೇ! ಈ ಕಾಗದವನ್ನು ಎಲ್ಲರಿಗೂ ಕೇಳುವಂತೆ ಓದುತ್ತಿರುವ ನನ್ನ ಪ್ರೀತಿಯ ಪವಿತ್ರಾ!

ಎಲ್ಲರೂ ಕ್ಷೇಮ ತಾನೆ? ಬೀಗರ ಮಂಡಿನೋವು ಇಳಿಯಿತೇ? ನಿನ್ನ ಕೆಮ್ಮು ಹೋಯಿತೇ? ತಣ್ಣೀರು ಬಿಡು ಅಂದರೆ ನೀನು ಕೇಳುವವಳಲ್ಲ, ನಿಮ್ಮಮ್ಮನ ಮಗಳು. ನನಗೆ ಮೊನ್ನೆಯವರೆಗೂ ತಿಂದದ್ದೆಲ್ಲ ಅರಗುತ್ತಿತ್ತು. ಈಗ ಅನ್ನದ ತಟ್ಟೆ ಮುಂದೆ ಬಂದರೆ ಪಕ್ಕಕ್ಕೆ ಸರಿಸುತ್ತೇನೆ. ಯಾಕೆ ಅನ್ನುವುದನ್ನು ಕೇಳಿರಿ.

ಪವಿತ್ರಾ, ನಿನ್ನ ಅಮ್ಮನಿಗೆ ಮರೆವು ಹತ್ತಿರುವುದು ನಿಮಗೆಲ್ಲ ಗೊತ್ತಿದೆ. ದೀಪಾವಳಿ ಕಳೆದ ಮೇಲೆ ಟಿ. ನರಸೀಪುರದ ಕಲ್ಯಾಣ ಮಂಟಪವೊಂದರಲ್ಲಿ ಮರೆವಿಗೆ ಶಿಬಿರ ಶುರುವಾಯಿತು. ಹೊರಗಿನ ಯಾವುದೋ ಸಂಸ್ಥೆ. ನಡೆಸುವವನು ಕಶ್ಯಪ್ ಎಂಬ ಇಸ್ತ್ರಿ ಷರಟಿನ ಯುವಕ. ತಲೆ ಕೊಯ್ಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಉಪ್ಪುನೀರಿನಲ್ಲಿ ಅದ್ದಿದ ಸ್ಪಂಜುಗಳನ್ನು ಹಣೆಗೊಂದು, ತಲೆಯ ಪಕ್ಕಕ್ಕೊಂದು ಪಟ್ಟಿಯಿಂದ ಬಿಗಿದು, ಬ್ಯಾಟರಿಯಿಂದ ಸಣ್ಣ ಕರೆಂಟು ಹಾಯಿಸುತ್ತಾರೆ. ವಯಸ್ಸಾದ ಜೀವ ಇದನ್ನು ತಡೆದುಕೊಳ್ಳುತ್ತದೋ ಇಲ್ಲವೋ ನೋಡುವ ಪರೀಕ್ಷೆಯಂತೆ. ಪಕ್ಕದ ಬೀದಿಯ ಚಿಕ್ಕಮಾದು ಜೊತೆ ವಾರಕ್ಕೆರಡು ಸಲ ಅಮ್ಮ ಬಸ್ಸು ಹತ್ತಿದಳು. ನಾನೂ ಹೊರಟರೆ, "ನೀವ್ ಬ್ಯಾಡ ಕಣ್ರೀ, ಅಲ್ ಕೂತಿರೋರ್ಗೆಲ್ಲ ಕಂದಪದ್ಯ ಯೋಳ್ಕೊಡಕ್ ಓಯ್ತೀರಿ" ಅಂದಳು.

ಕಳೆದ ಸೋಮವಾರ ಅವಳಿಗೆ ಮೈ ಕಾದಿತ್ತು. ಹಣೆಯ ಮೇಲೆ ಕೈಯಿಟ್ಟೆ. ಕೈ ಅಂಟಿಕೊಂಡಿತು! ದಪ್ಪಗೆ ಬಳಿದ ವಿಭೂತಿಯ ಕೆಳಗೆ ಒಡೆದ ಬೊಬ್ಬೆ, ಬೊಬ್ಬೆಯೊಳಗೆ ಕೀವು, ಕೀವಿನಲ್ಲಿ ಕಲಸಿಹೋದ ಬೂದಿ. ಥೂ! ನಿನ್ನ ಅಮ್ಮ, ನಮ್ಮ ಮಲ್ಲಾಜಮ್ಮ, ದಿನಾ ಇಷ್ಟಿಷ್ಟೇ ಹೆಚ್ಚು ವಿಭೂತಿ ಧರಿಸಿ ಆ ಗಾಯವನ್ನು ನನ್ನ ಕಣ್ಣಿಂದ ಮುಚ್ಚಿಟ್ಟಿದ್ದಳು.

ಮಾರನೆಯ ದಿನವೇ ಮೈಸೂರಿಗೆ ಕರೆದುಕೊಂಡು ಹೋದೆ. ನರರೋಗದ ಡಾಕ್ಟರ್ ಹರಿಪ್ರಿಯಾ ಗಾಯ ತೊಳೆದು ಬಿಡಿಸಿ ಹೇಳಿದರು: ಆ ಕರೆಂಟು ತೀರಾ ಸಣ್ಣದು, ಸರಿಯಾಗಿ ಕೊಟ್ಟರೆ ಹೆಚ್ಚಿನವರಿಗೆ ಒಂದಿಷ್ಟು ಚುರುಚುರು, ತುರಿಕೆ, ಅಷ್ಟೆ. ಆದರೆ ಮೊದಲು ಚರ್ಮ ತೊಳೆಯಬೇಕು. ಸ್ಪಂಜು ಒಣಗಬಾರದು. ಮುದುಕರ ಚರ್ಮ ತೆಳು, ಪ್ರತಿಸಲ ಕಣ್ಣಿಟ್ಟು ನೋಡಬೇಕು. ಉರಿ ಎಂದ ಕ್ಷಣ ನಿಲ್ಲಿಸಬೇಕು. ಮರೆವು ವಾಸಿಯಾಗುತ್ತದೆ ಅಂತ ಮಾತ್ರ ಈಗಲೇ ಯಾರೂ ಆಣೆ ಮಾಡಿ ಹೇಳಲಾರರು.

ನಿನ್ನೆ ಆ ಮಂಟಪಕ್ಕೆ ನುಗ್ಗಿದೆ. ಅಬ್ಬಾ, ಆ ದೃಶ್ಯ! ಸಾಲಾಗಿ ಕೂತ ಮುದಿತಲೆಗಳು. ಒಬ್ಬರ ಹಣೆಯಿಂದ ಕಿತ್ತ ಸ್ಪಂಜೇ ಇನ್ನೊಬ್ಬರ ಹಣೆಗೆ. ಹರಳೆಣ್ಣೆ, ಬೆವರು, ಬೂದಿ ಕುಡಿದು ಕಪ್ಪಗೆ ಲೋಳೆಗಟ್ಟಿ, ಒದ್ದೆ ನಾಯಿಯ ನಾತ ಹೊಡೆಯುತ್ತಿತ್ತು. ವಿಭೂತಿ ಒರೆಸಿಕೊಂಡು ಬರಿಹಣೆಯಲ್ಲಿ ಕೂರಲು ನಮ್ಮವರು ಒಪ್ಪಲಿಲ್ಲ. ಯಾಕೆ ಒರೆಸಬೇಕೆಂದು ತಿಳಿಸಿ ಹೇಳುವ ಗೋಜಿಗೆ ಆ ಕಶ್ಯಪ್ ಮಹಾನುಭಾವ ಹೋಗಲಿಲ್ಲ. ಬೂದಿಯ ಮೇಲೆಯೇ ಸ್ಪಂಜು ಒತ್ತಿದ. ಕೇಳಿದರೆ ನಗುತ್ತಾನೆ! "ಪ್ರತಿಸಲ ಕೇಳ್ತೀನಿ ಸಾರ್, ಉರಿ ಇದ್ಯಾ ಅಜ್ಜಿ ಅಂತ. ಎಲ್ರೂ ಆರಾಮ್ ಅಂತಾರೆ. ತುಂಬ ಚೆನ್ನಾಗಿ ತಡ್ಕೊಂಡಿದಾರೆ."

ಚೆನ್ನಾಗಿ ತಡ್ಕೊಂಡಿದಾರೆ! ಹಲ್ಲಿಯನ್ನು ಅಗಿದಷ್ಟು ಹೇಸಿಗೆಯಾಯಿತು ಆ ಮಾತಿಗೆ. ಚಿಕ್ಕಮಾದುವಿನ ಪಟ್ಟಿ ಸರಿಸಿದೆ: ಕೆಂಪಗೆ ಬೆಂದ ಹಣೆ. ಯಾಕಯ್ಯಾ ಬಾಯಿ ಬಿಡಲಿಲ್ಲ ಅಂದರೆ, "ಅಲ್ಲ ಕಣಣ್ಣೋ, ಕುರ್ಚಿ ಆಕಿ, ಕಾಪಿ ಕೊಟ್ಟು, ತಾತಾ ತಾತಾ ಅನ್ನೋ ಹೈದನ್ ಮಕಕ್ಕೆ ಉರೀತದೆ ಅಂತ ಎಂಗ್ ಯೋಳದು? ಪಾಪ, ಬೇಜಾರ್ ಮಾಡ್ಕತಾನೆ" ಅಂದ! ಮಹಾಜನಗಳೇ, ಬೇಯಿಸುವವನ ಮನಸ್ಸು ನೋಯದಿರಲೆಂದು ಬೇಯುತ್ತಾ ಕೂತ ಜನ ಇವರು. ಅವನ ಮೇಲೆಷ್ಟೋ ಅಷ್ಟೇ ಇವರ ಮೇಲೂ ನನಗೆ ಹೇಸಿಗೆ.

ಇಲ್ಲಿಗೆ ಸಾಕು. ಬೀಗರಿಗೆ, ಬೀಗಿತ್ತಿಯವರಿಗೆ ಶರಣು. ನಿನಗೂ ಅಳಿಯಂದಿರಿಗೂ ಶ್ರೀಕಂಠೇಶ್ವರ ಒಳ್ಳೆಯದು ಮಾಡಲಿ.

ಇಂತಿ ನಿನ್ನ ಅಪ್ಪ,
ಶಿವಮಲ್ಲಪ್ಪ

ವಿ.ಸೂ.: ಪವಿತ್ರಾ, ಇದನ್ನು ಗಟ್ಟಿಯಾಗಿ ಓದಬೇಡ, ನೀನೊಬ್ಬಳೇ ನೋಡಿಕೋ. ಉರಿಯನ್ನು ಯಾಕೆ ನುಂಗಿಕೊಂಡೆ ಎಂದು ಅಮ್ಮನನ್ನು ಈಗ ತಾನೇ ಕೇಳಿದೆ. "ಸಂಕ್ರಾಂತಿ ದಿನ ಮಗಳು ಫೋನ್ ಮಾಡ್ದಾಗ ಅವಳ್ ಹೆಸ್ರೇ ಬರ್ಲಿಲ್ಲ ಕಣ್ರೀ. ಮಗಾ ಮಗಾ ಅಂತ ತಳ್ಳಾಕ್ದೆ. ಉರಿ ಅಂದ್ರೆ ನಿಲ್ಲುಸ್ಬುಡ್ತಾರೆ" ಅಂದಳು. ಶಿವರಾತ್ರಿಯ ತನಕ ಕಾಯದೆ ಹೊರಟು ಬಾ. ಬಾಗಿಲಲ್ಲಿ ನಿಂತು ನಿನ್ನ ಹೆಸರನ್ನು ನೀನೇ ಹೇಳಿಕೊಂಡು ಒಳಗೆ ಬಾ, ಅವಳನ್ನು ಪರೀಕ್ಷೆ ಮಾಡಬೇಡ. ಗಾಯ ಮಾಯುವ ಮೊದಲೇ ನಾಳೆಯ ಸರದಿಗೆ ಹೋಗುತ್ತೇನೆ, ಮಾತು ಕೊಟ್ಟುಬಿಟ್ಟಿದ್ದೇನೆ ಅನ್ನುತ್ತಾಳೆ. ಆ ಮಾತನ್ನು ನಾನು ನಡೆಸುತ್ತೇನೆಂದು ಒಪ್ಪಿಸಿ ಮಲಗಿಸಿದ್ದೇನೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನರಸೀಪುರಕ್ಕೆ ಹೋಗಿ, ಎಲ್ಲರೂ ನೋಡುವಂತೆ ನನ್ನ ಹಣೆಯ ವಿಭೂತಿ ತೊಳೆದುಕೊಂಡು, ಅವಳ ಕುರ್ಚಿಯಲ್ಲಿ ಕೂರುತ್ತೇನೆ. ಚುರುಕ್ಕೆಂದ ಕೂಡಲೇ, ಕಟ್ಟಕಡೆಯ ಮುದುಕನಿಗೂ ಕೇಳುವಂತೆ "ಉರಿ!" ಎಂದು ಕೂಗುತ್ತೇನೆ, ಚಿಕ್ಕಮಾದು ಬಾಯಿ ಬಿಡುವ ತನಕ ಕೂಗುತ್ತಲೇ ಇರುತ್ತೇನೆ.