ಸೊಂಟದೆತ್ತರದ ಬಳ್ಳಿ

ಫೆಬ್ರವರಿ 4

ಬೆಡ್‌ರೂಮಿನ ಗೋಡೆ ಮುಗಿಯಿತು! ಒಣಬಟ್ಟೆಯಲ್ಲಿ ಧೂಳು ಒರೆಸು, ಹಿಂದಿನ ಕಾಗದ ಸ್ವಲ್ಪಸ್ವಲ್ಪವೇ ಬಿಡಿಸು, ಅಂಗೈಯಿಂದ ಒತ್ತು. ಫರ್ನ್, ಬಾಳೆ ಎಲೆ, ಹೆಸರೇ ಗೊತ್ತಿಲ್ಲದ ಇನ್ನೇನೋ. ಬಟ್ಟೆಯ ಸ್ಟಿಕ್ಕರ್‌ಗಳು, ಅಂಚು ಕೊಂಚ ಉಬ್ಬು. ಬೇಕೆಂದಾಗ ಬಿಡಿಸಿ ಬೇರೆ ಕಡೆ ಹಚ್ಚಬಹುದು. ಓನರ್ ಆಂಟಿಯ ಕಂಡೀಷನ್ — ಮೊಳೆ ಹೊಡೆಯಬಾರದು, ಬಣ್ಣ ಬಳಿಯಬಾರದು. ಎಲೆ ಹಚ್ಚಬಾರದು ಅಂದಿಲ್ಲವಲ್ಲ!

ನರ್ಸರಿ ಟೀಚರ್ ಕೈಗೆ ಸ್ಟಿಕ್ಕರ್ ಸಿಕ್ಕರೆ ಕೇಳಬೇಕೆ.

ಗಂಭೀರಪ್ಪ (ಗಂಡನಿಗೆ ನಾನಿಟ್ಟ ಹೆಸರು, ನಗುವುದಕ್ಕೂ ಮುಹೂರ್ತ ನೋಡುವವನು) ಪ್ರೆಸ್ಸಿನಿಂದ ಬಂದು ಬಾಗಿಲಲ್ಲೇ ನಿಂತ.

“ಇದು ಮನೆಯೋ, ಕಾಡೋ?”

“ಕಾಡು. ಒಂದು ಕರಡಿ ಕಮ್ಮಿ ಇತ್ತು. ಈಗ ಬಂತು.”

ನಕ್ಕ! ಆಮೇಲೆ ಹತ್ತಿರ ಬಂದು ಎಲೆಯ ಹಸಿರಲ್ಲಿ ನೀಲಿ ಜಾಸ್ತಿಯಾಗಿದೆ ಎಂದ. ಅಚ್ಚಿನ ಬಣ್ಣ ಹೊಂದಿಸುವುದೇ ಇವನ ಕೆಲಸ. ನನಗೆ ಕಾಣದ ಹಸಿರುಗಳೆಲ್ಲ ಇವನಿಗೆ ಕಾಣುತ್ತವೆ.

ಅತ್ತೆಯೂ ಬಂದರು. ಕಣ್ಣಿಗಿಂತ ಮೊದಲು ಕೈ. ಒಂದೊಂದು ಎಲೆಯನ್ನೂ ಸವರಿದರು. “ಚೆನ್ನಾಗಿದೆ ಕಣೇ. ಪ್ಯಾಸೇಜಿಗೂ ಹಚ್ಚು.”

ಮದುವೆಯಾಗಿ ಮೂವರೂ ಒಟ್ಟಿಗೇ ಈ ಬಾಡಿಗೆ ಮನೆಗೆ ಬಂದ ಮೇಲೆ ಅವರು ನನ್ನನ್ನು ಕೇಳಿದ ಮೊದಲ ವಸ್ತು ಇದು. ಕುಣಿಯಬೇಕು ಅನ್ನಿಸಿತು. ಕುಣಿದೆ ಕೂಡ, ಬಾತ್‌ರೂಮಿನಲ್ಲಿ.

ಫೆಬ್ರವರಿ 7

ಪ್ಯಾಸೇಜ್ ಆಯಿತು. ಕಿಟಕಿಯಿಲ್ಲದ, ಮಬ್ಬು ಬೆಳಕಿನ ಉದ್ದನೆಯ ಗೋಡೆ. ಕೊನೆಯಲ್ಲಿ ಎರಡು ಮೆಟ್ಟಿಲಿಳಿದರೆ ಅಡಿಗೆಮನೆ. ಇಂಥ ವಿಚಿತ್ರ ಪ್ಲ್ಯಾನ್ ಯಾರು ಮಾಡಿದರೋ.

ನಾನು ಎಲೆಗಳ ಬಳ್ಳಿಯನ್ನು ಕಣ್ಣೆತ್ತರಕ್ಕೆ ಹಿಡಿದೆ. ಅತ್ತೆ ಒಪ್ಪಲಿಲ್ಲ.

“ಕೆಳಗೆ. ಸೊಂಟದೆತ್ತರಕ್ಕೆ.”

“ಅತ್ತೆ, ಪ್ಯಾಕೆಟ್ ಮೇಲಿನ ಫೋಟೋದಲ್ಲಿ ಹೀಗಿಲ್ಲ...”

“ಫೋಟೋದಲ್ಲಿ ನಾನೂ ಇಲ್ಲ. ಮೆಟ್ಟಿಲು ಬರೋಕ್ಮುಂಚೆ ಆ ದೊಡ್ಡೆಲೆ ಹಚ್ಚು. ಮಧ್ಯೆ ಎಲ್ಲೂ ಗ್ಯಾಪ್ ಬಿಡ್ಬೇಡ.”

ಅತ್ತೆಯೇ ನನ್ನ ಇಂಟೀರಿಯರ್ ಡೆಕೊರೇಟರ್ ಎಂದು ಅಮ್ಮನಿಗೆ ಫೋನ್ ಮಾಡಿ ಕೊಚ್ಚಿಕೊಂಡೆ. “ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ” ಅಂದಳು. ಅಮ್ಮನಿಗೆ ಹೊಟ್ಟೆಕಿಚ್ಚು, ಅಷ್ಟೆ.

ಫೆಬ್ರವರಿ 16

ಮದುವೆಯ ರಜೆ ಮುಗಿದು ಸ್ಕೂಲು ಶುರುವಾಯಿತು. ಬರೆಯಲು ಪುರುಸೊತ್ತಿಲ್ಲ.

ಅತ್ತೆ ಹೋಗುವಾಗ ಬರುವಾಗ ಬಳ್ಳಿಯನ್ನು ಸವರುತ್ತಾರೆ. ಮಗುವಿನ ಬೆನ್ನು ಸವರಿದ ಹಾಗೆ. ಅದು ಈಗ “ನನ್ನ ಬಳ್ಳಿ”ಯಂತೆ. ಇಷ್ಟು ಪ್ರೀತಿಸುವ ಅತ್ತೆ ಯಾರಿಗೆ ಸಿಗುತ್ತಾರೆ? ನನ್ನ ಕೆಲಸವನ್ನು ಯಾರೂ ಹೀಗೆ ದಿನಾ ಮುಟ್ಟಿ ಮುಟ್ಟಿ ಮೆಚ್ಚಿದ್ದಿಲ್ಲ.

ಮಾರ್ಚ್ 1, ಮಧ್ಯಾಹ್ನ

ನಿಜ ಹೇಳಲಾ? ಸೊಂಟದೆತ್ತರದ ಬಳ್ಳಿ ನಮ್ಮ ನರ್ಸರಿ ಮಕ್ಕಳು ಕೈ ತೊಳೆಯಲು ಸಾಲಾಗಿ ನಿಂತ ಹಾಗೆ ಕಾಣುತ್ತದೆ. ಅತ್ತೆ ಮಲಗಿದ್ದಾರೆ. ಸದ್ದಿಲ್ಲದೆ ಪೂರ್ತಿ ಬಿಡಿಸಿಬಿಟ್ಟೆ. ಅಡಿಗೆಮನೆಯ ಬಾಗಿಲ ಸುತ್ತ, ಮೇಲೆ, ಕಮಾನಿನ ಹಾಗೆ ಹಚ್ಚಿದೆ. ಗೋಡೆಯ ಮೇಲೆ ಒಂಚೂರೂ ಕಲೆ ಉಳಿದಿಲ್ಲ. ಎಷ್ಟು ಚಂದ! ಸರ್‌ಪ್ರೈಸ್ ಅಂದರೆ ಇದು. ಎದ್ದ ಮೇಲೆ ಅವರ ಮುಖ ನೋಡಬೇಕು.

ಚಪ್ಪಲಿಯ ಸದ್ದು. ಎದ್ದರು —

ಮಾರ್ಚ್ 5

ಮಣಿಕಟ್ಟಿನ ಮೂಳೆ ಮುರಿದಿದೆ. ಹುಬ್ಬಿನ ಮೇಲೆ ಹೊಲಿಗೆ. ಅತ್ತೆ ನಿನ್ನೆ ಮನೆಗೆ ಬಂದರು.

ಬಿದ್ದದ್ದನ್ನು ನಾನು ನೋಡಿದೆ. ಬೀಳುವುದಕ್ಕೆ ಮುಂಚಿನದನ್ನೂ. ಬರಿಗೋಡೆಯ ಮೇಲೆ ಅವರ ಅಂಗೈ ಹಿಂದೆ ಮುಂದೆ ಆಡುತ್ತಿತ್ತು. “ಎಲ್ಲಿ ಹೋಯ್ತು?” ಎಂದು ತಮಗೆ ತಾವೇ ಹೇಳಿಕೊಂಡರು. ನಾನು ಬಾಗಿಲ ಪಕ್ಕ ನಗು ತಡೆದು ನಿಂತಿದ್ದೆ. ಆಮೇಲೆ ಕಾಲು ಮುಂದಿಟ್ಟರು. ಅಲ್ಲಿ ನೆಲವಿರಲಿಲ್ಲ, ಮೆಟ್ಟಿಲಿತ್ತು.

ಆಸ್ಪತ್ರೆಯಲ್ಲಿ ಗಂಭೀರಪ್ಪ ಕೇಳಿದ, “ನೆಲ ಒರೆಸಿ ಹಾಗೇ ಬಿಟ್ಟಿದ್ಯಾ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ನೀರಿತ್ತು ಕಣೋ. ಜಾರಿದೆ. ಅವಳನ್ನ ಬೈಬೇಡ.”

ನೀರಿರಲಿಲ್ಲ. ಆ ದಿನ ನಾನು ನೆಲ ಒರೆಸಿರಲೇ ಇಲ್ಲ.

ಮಾರ್ಚ್ 6

ಅವನು ಕೆಲಸಕ್ಕೆ ಹೋದ ಮೇಲೆ ಅತ್ತೆಯ ಮಂಚದ ಪಕ್ಕ ಕೂತೆ. ನನ್ನನ್ನು ನೋಡಲು ಇಡೀ ತಲೆ ತಿರುಗಿಸಿದರು, ಹಕ್ಕಿ ನೋಡಿದ ಹಾಗೆ. ಇಷ್ಟು ದಿನ ಇದು ನನಗೇಕೆ ಕಾಣಲಿಲ್ಲ?

“ಅತ್ತೆ, ನಿಮಗೆ ಕಣ್ಣು...”

“ಎದುರಿಗಿರೋದು ಕಾಣುತ್ತೆ. ನಿನ್ನ ಮುಖ ಕಾಣುತ್ತೆ, ಅತ್ತೂ ಅತ್ತೂ ಟೊಮೇಟೊ ಆಗಿದೆ. ಪಕ್ಕದ್ದು ಕಾಣಲ್ಲ, ಕಾಲ್ಕೆಳಗಿಂದು ಕಾಣಲ್ಲ. ಎರಡೂ ಕಡೆಯಿಂದ ಬಾಗ್ಲು ಮುಚ್ಕೊಂಡು ಬರ್ತಿರೋ ಹಾಗೆ.”

ಹಳೆ ಮನೆ ಕಾಲಿಗೇ ಬಾಯಿಪಾಠವಾಗಿತ್ತಂತೆ. ಇಲ್ಲಿ ದಿಕ್ಕು ತೋಚದೆ ಇದ್ದಾಗ ನಾನು ಎಲೆ ಹಚ್ಚಿದೆ.

ಅವರು ದಿನಾ ಸವರಿದ್ದನ್ನು ನಾನು ಪ್ರೀತಿ ಎಂದುಕೊಂಡಿದ್ದೆ.

“ನಿಮ್ಮ ಮಗನಿಗೆ ಹೇಳೋಣ, ಅತ್ತೆ.”

“ಬೇಡ. ನಮ್ಮಮ್ಮನಿಗೂ ಹೀಗೇ ಆಗಿತ್ತು. ಗೊತ್ತಾದ ದಿನದಿಂದ ಒಲೆ ಮುಟ್ಟೋಕೆ ಬಿಡ್ಲಿಲ್ಲ. ಕುರ್ಚಿ ಹಾಕಿ ಕೂರ್ಸಿದ್ರು, ತಟ್ಟೆ ಕೈಗೆ ಕೊಟ್ರು. ಆಮೇಲಾಮೇಲೆ ಅವಳನ್ನ ಯಾರೂ ಏನೂ ಕೇಳ್ತಾನೇ ಇರ್ಲಿಲ್ಲ. ಉಪ್ಪು ಸಾಕಾ ಅಂತ ಕೂಡ. ನಾನೂ ಕೇಳ್ಲಿಲ್ಲ.”

“ನಿಮ್ಮ ಮಗ ಹಾಗಲ್ಲ. ಒಳ್ಳೆಯವನು.”

“ಒಳ್ಳೆಯವರೇ ಕಣೇ ಕೂರ್ಸೋದು.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಬಳ್ಳಿಯನ್ನು ಮತ್ತೆ ಕೆಳಗೆ ಹಚ್ಚಿದೆ. ಅಂಟು ಸೋತಿದೆ, ತುದಿಗಳು ಸುರುಟಿಕೊಳ್ಳುತ್ತಿವೆ. ಟೇಪ್ ಹಾಕಿದೆ.

ಮಾರ್ಚ್ 11

ಹೊಲಿಗೆ ಬಿಚ್ಚಿಸಲು ಅತ್ತೆಯನ್ನು ಕರೆದುಕೊಂಡು ಹೋದೆ. ಅವರನ್ನು ಬೆಂಚಿನ ಮೇಲೆ ಕೂರಿಸಿ, ಮೇಲಿನ ಮಹಡಿಯ ಕಣ್ಣಿನ ಡಾಕ್ಟರ್ ಹತ್ತಿರ ಓಡಿದೆ. ಊಟದ ಡಬ್ಬಿ ಮುಚ್ಚಿಟ್ಟು ಪೂರ್ತಿ ಕೇಳಿಸಿಕೊಂಡರು, ಪುಣ್ಯಾತ್ಗಿತ್ತಿ.

“ನೀವು ಹೇಳೋದು ನೋಡಿದ್ರೆ ಗ್ಲಾಕೋಮಾ ಇರಬಹುದು. ಕಣ್ಣೊಳಗಿನ ಒತ್ತಡ ನರವನ್ನ ತಿನ್ನುತ್ತೆ. ಹೋದ ನೋಟ ವಾಪಸ್ ಬರಲ್ಲ. ಉಳಿದಿರೋದನ್ನ ಡ್ರಾಪ್ಸ್ ಹಾಕಿ ಉಳಿಸ್ಕೋಬಹುದು. ತಡ ಮಾಡ್ಬೇಡಿ. ಅವರಿಗೆ ಮಕ್ಕಳು?”

“ಒಬ್ಬನೇ ಮಗ. ನನ್ನ ಗಂಡ.”

“ಅವರನ್ನೂ ಕರ್ಕೊಂಡು ಬನ್ನಿ. ವಂಶದಲ್ಲಿ ಬರುತ್ತೆ. ನೋವಿರಲ್ಲ, ಶುರುವಲ್ಲಿ ಗೊತ್ತೇ ಆಗಲ್ಲ.”

ಸಂಜೆ ಅವನು ಬಂದ. ಭುಜ ಬಾಗಿಲ ಚೌಕಟ್ಟಿಗೆ ತಾಗಿತು. ಎಲ್ಲರಿಗೂ ತಾಗುತ್ತದೆ. ನನಗೂ ತಾಗುತ್ತದೆ. ಆದರೂ ನನ್ನ ಕೈಯಿಂದ ಲೋಟ ಬಿತ್ತು.

ಮಾರ್ಚ್ 12

ಮಾತು ಮುರಿಯುವ ಮೊದಲು ಅವರಿಗೇ ಹೇಳಬೇಕಲ್ಲ. ಹೇಳಿದೆ. ನಿಮ್ಮ ಮಗನಿಗೂ ಬರಬಹುದಂತೆ, ಅತ್ತೆ.

“ಅವನಿಗ್ಯಾಕೆ?” ಎಂದರು. ನಾನೇ ತಂದಿಟ್ಟ ಹಾಗೆ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಊಟ ಬೇಡವೆಂದರು.

ದೀಪ ಹಚ್ಚುವ ಹೊತ್ತಿಗೆ ಕರೆದರು. “ನಾನೇ ಹೇಳ್ತೀನಿ. ನೀನು ಹೇಳಿದ್ರೆ ಅದು ದೂರು ಆಗುತ್ತೆ.”

ಮಾರ್ಚ್ 14, ಭಾನುವಾರ

ಹೇಳಿದರು. ಬಳ್ಳಿ ಕಿತ್ತದ್ದು ನಾನೆಂದು ನಾನೂ ಹೇಳಿದೆ.

“ಸೊಸೆಗೆ ಗೊತ್ತು, ಮಗನಿಗೆ ಗೊತ್ತಿಲ್ಲ! ನಾನು ಈ ಮನೇಲಿ ಪೇಯಿಂಗ್ ಗೆಸ್ಟಾ?”

ಅವನು ಹೀಗೆ ಕೂಗಿದ್ದನ್ನು ಎಂದೂ ಕೇಳಿರಲಿಲ್ಲ. ಕೂಗಿದ ಮೇಲೆ ಅವನ ಒಳ್ಳೆಯತನ ಶುರುವಾಯಿತು. ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಕುರ್ಚಿ ತಂದು ಹಾಕಿದ, ದಿಂಬು ಇಟ್ಟ. “ಇನ್ಮೇಲೆ ಅಡಿಗೆಮನೆಗೆ ಕಾಲಿಡ್ಬೇಡ ಅಮ್ಮ. ಏನು ಬೇಕಾದ್ರೂ ಕೂತಲ್ಲಿಂದ ಕೇಳು.”

ಅತ್ತೆ ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತರು.

“ಮೊದ್ಲು ನಿನ್ನ ಕಣ್ಣು ತೋರ್ಸು. ಕುರ್ಚಿ ಯಾರಿಗೆ ಅಂತ ಆಮೇಲೆ ನೋಡೋಣ.”

ಮಾರ್ಚ್ 18

ಅತ್ತೆಗೆ ಬಲಗಣ್ಣು ಬಹಳ ಹೋಗಿದೆ. ಎಡಗಣ್ಣನ್ನು ಉಳಿಸಿಕೊಳ್ಳಬಹುದು.

ಅವನಿಗೂ ಇದೆ. ಶುರು. ಡ್ರಾಪ್ಸ್ ಬಿಡದೆ ಹಾಕಿದರೆ ಹೀಗೇ ಉಳಿಯಬಹುದು ಎಂದರು ಕಣ್ಣಿನ ಡಾಕ್ಟರ್. ಉಳಿಯಬಹುದು. ಉಳಿಯುತ್ತದೆ ಅನ್ನಲಿಲ್ಲ.

“ಪ್ರೆಸ್ಸಲ್ಲಿ ಹೇಳ್ಬೇಕಾ?” ಎಂದಷ್ಟೇ ಕೇಳಿದ. ಡಾಕ್ಟರನ್ನಲ್ಲ, ನನ್ನನ್ನು. ಹೇಳಿದರೆ ಬಣ್ಣ ನೋಡುವ ಟೇಬಲ್ಲಿನಿಂದ ಎಬ್ಬಿಸಿ ಎಲ್ಲಾದರೂ ಕೂರಿಸುತ್ತಾರೆ ಎಂಬ ಭಯ. ಟ್ಯಾಕ್ಸಿಯಲ್ಲಿ ಅತ್ತೆ ಅವನ ತೊಡೆಯ ಮೇಲೆ ಪ್ಲಾಸ್ಟರಿನ ಕೈ ಇಟ್ಟುಕೊಂಡೇ ಬಂದರು.

ಮಾರ್ಚ್ 21, ಬೆಳಿಗ್ಗೆ

ಏಳುವ ಹೊತ್ತಿಗೆ ಅತ್ತೆ ಅಡಿಗೆಮನೆಯಲ್ಲಿದ್ದಾರೆ. ಒಂದೇ ಕೈಯಲ್ಲಿ ಚಹಾ. ನಾನು ಬರುತ್ತೇನೆಂದರೆ “ಬಂದ್ರೆ ಸೌಟು ಬೀಸ್ತೀನಿ” ಎಂದರು.

ಅವನು ಹಾಲ್‌ನಲ್ಲಿ, ದಿಂಬಿಟ್ಟ ಅದೇ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದಾನೆ. ಡ್ರಾಪ್ಸ್ ನಾನೇ ಹಾಕಿದೆ, ಸ್ನಾನಕ್ಕೆ ಮುಂಚೆ.

ಒಳಗೆ ಏನೋ ದಡಾರ್ ಎಂದು ಬಿತ್ತು. ಅವನು ಅರ್ಧ ಎದ್ದ. ನಾನು ತಡೆಯಲಿಲ್ಲ. ಹಾಗೇ ನಿಂತಿದ್ದ, ಸ್ವಲ್ಪ ಹೊತ್ತು. ಆಮೇಲೆ ತಾನಾಗಿಯೇ ಕೂತ.

“ಮುಚ್ಚಳ ಕಣ್ರೋ, ಪ್ರಳಯ ಅಲ್ಲ!”

“ಅಮ್ಮ,” ಎಂದ, “ನಂಗೆ ಸಕ್ಕರೆ ಎಷ್ಟು ಹಾಕ್ತಿದೀಯಾ?”

“ನೀನು ಎಷ್ಟು ಹೇಳಿದ್ರೂ ನಾನು ಹಾಕೋದು ಅಷ್ಟೇ.”

ಗಂಭೀರಪ್ಪ ನಗುತ್ತಿದ್ದಾನೆ. ಕೆನ್ನೆಯ ಮೇಲೆ ನೀರು. ನಗಬೇಡವೋ, ಔಷಧಿ ಹೊರಗೆ ಹೋಗುತ್ತೆ ಎಂದೆ. ಆದರೆ ಡ್ರಾಪ್ಸ್ ಹಾಕಿ ಆಗಲೇ ಎಷ್ಟೋ ಹೊತ್ತಾಗಿದೆ. ಇದು ಔಷಧಿಯಲ್ಲ.