ಇಂಗಿಲ್ಲದ ಸಾರು

ಜುಲೈ 9, 2021, ಶುಕ್ರವಾರ. ಕ್ಯಾಸಲ್‌ನಾಕ್

ಆಸ್ಪತ್ರೆ ಡ್ಯೂಟಿಯಿಂದ ಬಂದವಳೇ ಬಟ್ಟೆಯನ್ನೆಲ್ಲ ವಾಷಿಂಗ್ ಮಷೀನಿಗೆ ತುರುಕಿದೆ. ಸ್ನಾನ. ಆಮೇಲೆಯೇ ಮನೆಯೊಳಗೆ ಓಡಾಟ. ಎರಡೂ ಡೋಸ್ ಆಗಿವೆ, ಆದರೂ ಈ ಅಭ್ಯಾಸ ಬಿಡಲಾಗುತ್ತಿಲ್ಲ. ಎಕ್ಸ್-ರೇ ರೂಮಿನಲ್ಲಿ ಇವತ್ತೂ ಎದೆ, ಎದೆ, ಎದೆ. ನಡುವೆ ಒಬ್ಬನ ಮುರಿದ ಮೊಣಕೈ ಬಂತು. ಎಂಥ ಖುಷಿಯಾಯಿತು. ಯಾರದೋ ಮೂಳೆ ಮುರಿದದ್ದಕ್ಕೆ ಖುಷಿಪಡುವ ಕಾಲ ಬಂತಲ್ಲ.

ನಾಳೆ ಬೆಳಗ್ಗೆ ಡೊನೆಗಾಲ್‌ಗೆ, ಐರ್ಲೆಂಡಿನ ಇನ್ನೊಂದು ತುದಿಯ ಕಡಲತೀರಕ್ಕೆ. ಒಂದು ವಾರ. ಹೇಮು ಲ್ಯಾಪ್‌ಟಾಪ್ ಬಿಟ್ಟು ಬರಲು ಒಪ್ಪಿದ್ದಾನೆ, ಕುಕ್ಕರ್ ಬಿಟ್ಟು ಬರಲು ಒಪ್ಪಿಲ್ಲ. "ಹೋಟೆಲ್ ಒಳಗೆ ಇನ್ನೂ ಕೂರಿಸಲ್ಲ ಅಂತಾರೆ. ನಮ್ಮಂಥ ವೆಜಿಟೇರಿಯನ್‌ಗಳಿಗೆ ವಾರ ಪೂರ್ತಿ ಚಿಪ್ಸೇ ಗತಿ. ಬೇಳೆ ತಗೋ, ಸಾರಿನ ಪುಡಿ ತಗೋ." ಎಲ್ಲ ತೆಗೆದು ಒಲೆ ಪಕ್ಕ ಸಾಲಾಗಿ ಇಟ್ಟಿದ್ದೇನೆ.

ನನಗೂ ಹೇಮುಗೂ ಮದುವೆಯಾಗಿ ಆರು ವರ್ಷ. ಹನಿಮೂನಿಗೆಂದು ಹೋಗಿದ್ದು ಊಟಿಗೆ. ಜೊತೆಯಲ್ಲಿ ನಮ್ಮತ್ತೆ ಶಕುಂತಲಾ, ನಾದಿನಿ, ನಾದಿನಿಯ ಮಗು. ಮಗುವಿಗೆ ಭೇದಿ. ಹಾಗಾಗಿ ಇದೇ ನಿಜವಾದ ಹನಿಮೂನ್ ಎಂದು ಆಸ್ಪತ್ರೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೇನೆ.

ಈ ಟ್ರಿಪ್ ನನ್ನ ಹಠ. ಕಾರಣ ಯಾರಿಗೂ ಹೇಳಿಲ್ಲ. ಜನವರಿಯಲ್ಲಿ ನಾನೇ ಆಸ್ಪತ್ರೆಯಿಂದ ಕೋವಿಡ್ ಹೊತ್ತು ತಂದೆ. ನನಗೆ ನೆಗಡಿಯಂತೆ ಬಂದು ಹೋಯಿತು. ಹೇಮುಗೆ ಮೂಗೇ ಹೋಯಿತು. ಕರ್ಪೂರ ಹಿಡಿದರೂ ಗೊತ್ತಾಗದು. ಒಗ್ಗರಣೆಯ ವಾಸನೆಯಿಂದಲೇ ಪಕ್ಕದ ಮನೆ ಸಾಂಬಾರಿಗೆ ಮಾರ್ಕ್ಸ್ ಹಾಕುತ್ತಿದ್ದ ಮನುಷ್ಯ. ಮಾರ್ಚಿನಲ್ಲಿ ಒಂದು ಸಂಜೆ ಕಿತ್ತಳೆ ಸುಲಿಯುತ್ತಾ "ಬಂತು ಕಣೇ" ಎಂದ. ಅವತ್ತು ನಾನು ಅತ್ತ ಅಳು ನನಗೇ ಗೊತ್ತು. ಮೂಗು ಬಂತು. ಆದರೆ ಹೇಮು ಬರಲಿಲ್ಲ. ಮೊದಲೆಲ್ಲ ನಾನು ಸ್ನಾನ ಮಾಡಿ ಬಂದರೆ ಹಿಂದಿನಿಂದ ಬಂದು ಕುತ್ತಿಗೆಗೆ ಮೂಗಿಟ್ಟು, "ಇನ್ನೂ ಆಸ್ಪತ್ರೆ ವಾಸ್ನೆ ಹೋಗಿಲ್ಲ ಹೋಗು" ಎಂದು ರೇಗಿಸುತ್ತಿದ್ದ. ಈಗ ಇಲ್ಲ. ಪಕ್ಕದಲ್ಲೇ ಕೂರುತ್ತಾನೆ, ನಗುತ್ತಾನೆ, ಕುತ್ತಿಗೆಯ ಹತ್ತಿರ ಬರುವುದಿಲ್ಲ.

ನಾನು ಸಾಕಾದೆನಾ? ಈ ವಾರದಲ್ಲಿ ಕೇಳಿಯೇ ಬಿಡಬೇಕು.

ಜುಲೈ 10, ಶನಿವಾರ. ಡೊನೆಗಾಲ್

ಬಂದೆವು. ಜಿಪಿಎಸ್ ಗಂಟಲು ಹರಿದುಕೊಂಡರೂ ಒಮಾ ಕಡೆಯ ಹತ್ತಿರದ ದಾರಿ ಹಿಡಿಯಲಿಲ್ಲ. ಅದು ಬಾರ್ಡರ್ ದಾಟಿ ಉತ್ತರ ಐರ್ಲೆಂಡಿಗೆ, ಅಂದರೆ ಯುಕೆಗೆ ಹೋಗುತ್ತದೆ, ನಮ್ಮ ಪಾಸ್‌ಪೋರ್ಟಿನಲ್ಲಿ ಯುಕೆ ವೀಸಾ ಇಲ್ಲ. ಯಾರೂ ಹಿಡಿಯುವುದಿಲ್ಲ ಎನ್ನುತ್ತಾರೆ. ಆದರೂ ಸ್ಲೈಗೋ ಸುತ್ತಿಕೊಂಡೇ ಬಂದೆವು. ಹೆದರುಪುಕ್ಕಲರು ಇಬ್ಬರೂ.

ಕಾಟೇಜ್ ಅಂದರೆ ಎರಡು ಕೋಣೆ, ಒಂದು ಕಿಟಕಿ, ಕಿಟಕಿ ತುಂಬ ಸಮುದ್ರ. ಕೆಳಗೆ ಬಿಳಿ ಮರಳು, ಒಂದು ನರಪಿಳ್ಳೆಯೂ ಇಲ್ಲ. ಬೇಲಿಯ ಉದ್ದಕ್ಕೂ ಕೆಂಪು ಫ್ಯೂಷಿಯಾ ಹೂ. ಮನೆಯೊಡತಿ ಬ್ರೀದ್, ಎಪ್ಪತ್ತು ದಾಟಿದ ಅಜ್ಜಿ, ಗೇಟಿನಾಚೆಯೇ ಮಾಸ್ಕ್ ಹಾಕಿಕೊಂಡು ನಿಂತು ಎಲ್ಲ ವಿವರಿಸಿದರು. ಅವರದು ಮುಂದಿನ ಮನೆ. ಗ್ಯಾಸ್ ಒಲೆ ಹಳೆಯದಂತೆ, ಗಾಳಿ ಬೀಸಿದರೆ ಉರಿ ಆರಿಹೋಗುತ್ತದಂತೆ. "ಹೆದರಬೇಡಿ, ನಿಮ್ಮ ಮೂಗೇ ಹೇಳುತ್ತೆ. ಯು'ಲ್ ಬಿ ಗ್ರ್ಯಾಂಡ್, ಏನೂ ಆಗಲ್ಲ" ಎಂದರು. ಹೇಮು ಜೋರಾಗಿ ತಲೆಯಾಡಿಸಿದ.

ಒಂಬತ್ತೂವರೆಗೂ ಬೆಳಕಿತ್ತು. ಮರಳಿನಲ್ಲಿ ಕೈ ಹಿಡಿದುಕೊಂಡು ನಡೆದೆವು. ಕೈ ಹಿಡಿದ. ಅಷ್ಟೇ.

ಜುಲೈ 11, ಭಾನುವಾರ

ಬೆಳಗ್ಗೆಯೆಲ್ಲ ಬಂಡೆಗಳ ಮೇಲೆ. ನೀರಿನಿಂದ ಸೀಲ್ ಒಂದು ತಲೆ ಎತ್ತಿ ನಮ್ಮನ್ನೇ ನೋಡಿತು. "ನಿಮ್ಮ ಮಾವನ ಮುಖ" ಎಂದ ಹೇಮು. ನಕ್ಕು ಸಾಕಾಯಿತು. ಮೊಣಕಾಲಿನವರೆಗೆ ನೀರಿಗಿಳಿದೆ. ಆ ಚಳಿ. ಕಿರುಚಿದೆ. ಓಡಿ ಬಂದು ಎತ್ತಿಕೊಂಡ, ಸೊಂಟ ಹಿಡಿದುಕೊಂಡ. ಅರೆಘಳಿಗೆ ಎಲ್ಲ ಮೊದಲಿನ ಹಾಗೇ ಇತ್ತು.

ಮಧ್ಯಾಹ್ನ ಅಡುಗೆ ನನ್ನದು. ನಿನ್ನೆ ಪೂರ್ತಿ ಕಾರು ಓಡಿಸಿದ್ದಾನೆ, ಪಾಪ. ಟೊಮೆಟೊ ಸಾರು. ಒಗ್ಗರಣೆಗೆ ಚೀಲ ತಡಕಿದರೆ ಇಂಗಿನ ಡಬ್ಬಿಯೇ ಇಲ್ಲ. ಕ್ಯಾಸಲ್‌ನಾಕಿನಲ್ಲಿ ಒಲೆ ಪಕ್ಕವೇ ಉಳಿದಿದೆ. ನಮ್ಮತ್ತೆ ಸಾರಿನ ಪುಡಿಗೆ ಇಂಗು ಹಾಕುವವರಲ್ಲ, ಅದೇನಿದ್ದರೂ ಒಗ್ಗರಣೆಗೆ. ಹೋಗಲಿ ಎಂದು ಬರೀ ಸಾಸಿವೆ, ಕರಿಬೇವು. ಬೈಸಿಕೊಳ್ಳಲು ಸಿದ್ಧಳಾಗಿಯೇ ಬಡಿಸಿದೆ. ಇಂಗಿಲ್ಲದ ಸಾರನ್ನು ಹೇಮು "ಬಿಸಿನೀರು" ಎಂದೇ ಕರೆಯುವುದು.

ಒಂದು ತುತ್ತು ತಿಂದ. ಕಣ್ಣು ಮುಚ್ಚಿದ. "ಆಹಾ, ಏನ್ ಇಂಗಿನ ಘಮ. ಬ್ರೀದಜ್ಜಿ ಮನೆವರೆಗೂ ಹೋಗಿರತ್ತೆ" ಅಂದ.

ರೇಗಿಸುತ್ತಿದ್ದಾನೆ ಎಂದುಕೊಂಡು ನಕ್ಕೆ. ಮುಖ ನೋಡಿದೆ. ರೇಗಿಸುತ್ತಿರಲಿಲ್ಲ.

ಜುಲೈ 12, ಸೋಮವಾರ

ನಿದ್ದೆ ಇಲ್ಲ. ಕೋಪ. ಮೈಯೆಲ್ಲ ಕೋಪ.

ಹಾಗಾದರೆ ಮಾರ್ಚಿನಿಂದ ನಾಟಕ. ಆ ಕಿತ್ತಳೆ ನಾಟಕ. ಯುಗಾದಿಯ ಹೋಳಿಗೆಯ ಮುಂದೆ ಕೂತು "ಏಲಕ್ಕಿ ಸ್ವಲ್ಪ ಜಾಸ್ತಿ ಆಯ್ತು" ಎಂದದ್ದು ನಾಟಕ. ಆ ಏಲಕ್ಕಿಯ ಮಾತಿಗೆ ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ ಬೇರೆ.

ಸಂಜೆ ಪರೀಕ್ಷೆ ಇಟ್ಟೆ. ಕೀಳು ಬುದ್ಧಿ, ಗೊತ್ತು. ಬ್ರೀದ್ ಮನೆ ಕಡೆ ಬೆನ್ನು ಮಾಡಿ ಇಬ್ಬರೂ ಕೂತಿದ್ದೆವು. ಇಲ್ಲಿ ಒಲೆಗೆ ಸುಡುವುದು ಟರ್ಫ್, ನೆಲದಿಂದ ಕಡಿದು ಒಣಗಿಸಿದ ಮಣ್ಣಿನ ಇಟ್ಟಿಗೆಗಳು. ಇವತ್ತು ಸೆಕೆ, ಅವರು ಒಲೆಯನ್ನೇ ಹಚ್ಚಿರಲಿಲ್ಲ.

"ಟರ್ಫ್ ವಾಸ್ನೆ ಬರ್ತಿದೆಯಾ, ಹೇಮು?"

"ಹೂಂ ಕಣೇ. ಒಂಥರಾ ಚೆನ್ನಾಗಿದೆ ಅಲ್ವಾ."

"ಚೆನ್ನಾಗಿದೆ" ಎಂದೆ. ಎದ್ದು ಒಳಗೆ ಬಂದೆ. ಇಷ್ಟು ಸಲೀಸಾಗಿ ಸುಳ್ಳು ಹೇಳುವವನು ಇನ್ನು ಏನೇನು ಸುಳ್ಳು ಹೇಳಿದ್ದಾನೆ? ಕೈ ಹಿಡಿದದ್ದು? ನೀರಿನಿಂದ ಎತ್ತಿಕೊಂಡದ್ದು? ಕೇಳಬೇಕಾದ ಪ್ರಶ್ನೆ ಇತ್ತಲ್ಲ, ಅದನ್ನು ಕೇಳಲು ಈಗ ಭಯವಾಗುತ್ತಿದೆ. "ಇಲ್ಲ, ನೀನು ಸಾಕಾಗಿಲ್ಲ" ಎಂದರೂ ನಂಬುವುದು ಹೇಗೆ...

ಜುಲೈ 14, ಬುಧವಾರ

ನಿನ್ನೆ ಬರೆಯಲಿಲ್ಲ.

ನಿನ್ನೆ ಬೆಳಗ್ಗೆ ಅವನು ಏಳುವ ಮುಂಚೆ ಒಬ್ಬಳೇ ಮರಳಿನ ಕಡೆ ಹೋದೆ. ಮಾತಾಡದೆ ಇರಲು ಅದೊಂದೇ ದಾರಿ. ಬಹಳ ದೂರ ನಡೆದೆ. ವಾಪಸ್ ಬಂದು ಬಾಗಿಲು ತೆಗೆದರೆ — ಗ್ಯಾಸ್. ಮುಖಕ್ಕೆ ಹೊಡೆದ ಹಾಗೆ. ಕೊಳೆತ ಮೊಟ್ಟೆಯ ಆ ವಾಸನೆ ಕೋಣೆ ತುಂಬ. ಒಲೆಯ ಮೇಲೆ ಹಾಲಿನ ಪಾತ್ರೆ, ಕೆಳಗೆ ಉರಿ ಇಲ್ಲ. ಕಿಟಕಿ ತೆರೆದಿದೆ, ಗಾಳಿಗೆ ಆರಿದೆ. ಹೇಮು ಪಾತ್ರೆಗೆ ಬಗ್ಗಿ ನೋಡುತ್ತಾ, "ಅಯ್ಯೋ, ಇನ್ನೂ ಕಾದೇ ಇಲ್ವಲ್ಲ" ಎಂದು ತನ್ನಷ್ಟಕ್ಕೆ ಗೊಣಗುತ್ತಾ ಕಡ್ಡಿಪೆಟ್ಟಿಗೆ ತೆಗೆಯುತ್ತಿದ್ದ. ನನಗಾಗಿ ಕಾಫಿ. ನನ್ನ ಕೋಪ ಇಳಿಸಲಿಕ್ಕೆ.

ಕೂಗಿದೆನೋ ಇಲ್ಲವೋ ನೆನಪಿಲ್ಲ. ಕಡ್ಡಿ ಹಿಡಿದ ಕೈಗೆ ಹೊಡೆದೆ. ಗುಂಡಿ ತಿರುಗಿಸಿದೆ. ಕಾಲರ್ ಹಿಡಿದು ದರದರ ಹೊರಗೆ ಎಳೆದು ತಂದೆ. ಫ್ಯೂಷಿಯಾ ಬೇಲಿಯ ಹತ್ತಿರ ಇಬ್ಬರೂ ಕುಸಿದು ಕೂತೆವು.

"ಏನಾಯ್ತೇ?" ಎಂದ. ನಿಜವಾಗಿಯೂ ಗೊತ್ತಿರಲಿಲ್ಲ ಅವನಿಗೆ.

"ಗ್ಯಾಸ್ ಕಣೋ. ಸತ್ತೇ ಹೋಗ್ತಿದ್ದೆ ನೀನು. ಇಂಗಿನ ಘಮ ಅಂತೆ, ಇಂಗಿನ ಘಮ. ಇಂಗಿನ ಡಬ್ಬಿ ಮನೇಲೇ ಬಿಟ್ಟು ಬಂದಿದೀನಿ ನಾನು."

ಬಿಳಿಚಿಕೊಂಡ. ಹುಲ್ಲು ಕೀಳತೊಡಗಿದ.

"ಯಾಕೋ ಸುಳ್ಳು ಹೇಳ್ದೆ?"

"ನೀನು ದಿನಾ ಬಂದು ನಾಲ್ಕು ಸಲ ಕೈ ತೊಳ್ಕೊತಿದ್ದೆ ಶರ್ಮಿ. ಬಂತಾ, ಬಂತಾ ಅಂತ ಕೇಳೋದು. ನನ್ನಿಂದ ಹೀಗಾಯ್ತು ಅಂತ ಬಾತ್‌ರೂಮಲ್ಲಿ ಅಳೋದು. ನಂಗೆ ಕೇಳಿಸ್ತಿತ್ತು. ಮೂಗು ಹೋದ್ರೆ ಹೋಗ್ಲಿ, ಇವಳಾದ್ರೂ ಉಳೀಲಿ ಅನ್ನಿಸ್ತು. ಅದಕ್ಕೇ ಬಂತು ಅಂದೆ."

ಆಗ ಕೇಳಿಬಿಟ್ಟೆ. ಮತ್ತೆ ನನ್ನ ಹತ್ತಿರ ಯಾಕೆ ಬರುವುದಿಲ್ಲ, ನಾನು ಸಾಕಾದೆನಾ ಎಂದು.

"ಬಂದೆ ಒಂದ್ಸಲ. ಫೆಬ್ರವರಿಲಿ. ನೀನು ಮಲಗಿದ್ದೆ. ಕುತ್ತಿಗೆಗೆ ಮೂಗಿಟ್ಟೆ. ಏನೂ ಇಲ್ಲ ಕಣೇ. ಸೋಪಿಲ್ಲ, ಆಸ್ಪತ್ರೆ ಇಲ್ಲ, ನೀನೂ ಇಲ್ಲ. ಪಕ್ಕದಲ್ಲೇ ಇದ್ದೂ ನೀನು ಇಲ್ದಂಗಿತ್ತು. ಹೆದರಿಕೆ ಆಯ್ತು. ಆಮೇಲೆ ಬರ್ಲಿಲ್ಲ."

ಬ್ರೀದ್ ಓಡಿ ಬಂದರು, ಮಾಸ್ಕ್ ಕೂಡ ಇಲ್ಲದೆ. ಇಬ್ಬರು ದೊಡ್ಡವರು ಹುಲ್ಲಿನ ಮೇಲೆ ಕೂತು ಅಳುವುದನ್ನು ನೋಡಿ, ಹೋಗಿ ಟೀ ಮಾಡಿ ತಂದು ಗೋಡೆಯ ಮೇಲಿಟ್ಟು ಹೋದರು. ಸಂಜೆ ಕರೆಂಟಿನ ಒಲೆಯೊಂದನ್ನೂ ತಂದಿಟ್ಟರು.

ಜುಲೈ 15, ಗುರುವಾರ

ಇವತ್ತು ಬಿಸಿಲೋ ಬಿಸಿಲು. ಐರ್ಲೆಂಡೇ ಹೌದಾ ಇದು. ಲೈಟ್‌ಹೌಸಿನ ತುದಿಯವರೆಗೆ ಹೋಗಿ ಬಂದೆವು. ಹೇಮುಗೆ ಹೊಸ ಆಟ. ಸಿಕ್ಕಿದ್ದನ್ನೆಲ್ಲ ನನ್ನ ಮೂಗಿಗೆ ಹಿಡಿಯುತ್ತಾನೆ, ವಾಸನೆ ಯಾವುದರ ಹಾಗಿದೆ ಎಂದು ನಾನು ಹೇಳಬೇಕು. ಬರೀ ಚೆನ್ನಾಗಿದೆ ಅನ್ನುವ ಹಾಗಿಲ್ಲ.

ಕಡಲ ಪಾಚಿ — ಉಪ್ಪಿನಕಾಯಿ ಜಾಡಿ ತೊಳೆದ ನೀರು. ಕುರಿ ಓಡಾಡಿದ ಹುಲ್ಲು — ಮಳೆಯಲ್ಲಿ ನೆನೆದ ಕಂಬಳಿ. ಸಂಜೆ ಬ್ರೀದ್ ನನಗೋಸ್ಕರವೇ ಒಂದು ಟರ್ಫ್ ಹಚ್ಚಿದರು. ಅದಕ್ಕೆ ಬಹಳ ಯೋಚಿಸಿದೆ. ಬಚ್ಚಲೊಲೆಗೆ ಒದ್ದೆ ಸೌದೆ ಇಟ್ಟ ವಾಸನೆ, ಆದರೆ ಕಣ್ಣುರಿ ಇಲ್ಲ ಎಂದೆ. ಹೇಮು ಕಣ್ಣು ಮುಚ್ಚಿ, "ಹಾಂ, ಸಿಕ್ತು" ಎಂದ. "ವಾಸ್ನೆ ಅಲ್ಲ. ಬಚ್ಚಲು ನೆನಪಾಯ್ತು" ಎಂದು ತಕ್ಷಣ ಸೇರಿಸಿದ. ಈಗ ಸುಳ್ಳಿಗೆ ಹೆದರುತ್ತಾನೆ.

"ಮತ್ತೆ ನೀನು?" ಎಂದ.

ನನ್ನ ವಾಸನೆ ನನಗೆ ಹೇಗೆ ಗೊತ್ತಿರಬೇಕು? ಅದಕ್ಕೆ ಉಪಮೆ ಗೊತ್ತಿದ್ದವನು ಅವನೊಬ್ಬನೇ.

ಮೆಲ್ಲಗೆ ಹತ್ತಿರ ಬಂದ. ಕುತ್ತಿಗೆಗೆ ಮೂಗಿಟ್ಟ. ಎಷ್ಟೋ ಹೊತ್ತು.

"ಏನೂ ಬರ್ತಿಲ್ಲ ಕಣೇ."

"ಇರ್ಲಿ. ಅಲ್ಲೇ ಇರು."

ಇದ್ದ.

ಜುಲೈ 17, ಶನಿವಾರ

ವಾಪಸ್. ಮತ್ತೆ ಸ್ಲೈಗೋ ಸುತ್ತು. ಬ್ರೀದ್ ಒಂದು ತುಂಡು ಟರ್ಫ್ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದಾರೆ. ಮನೆ ಬಾಗಿಲು ತೆಗೆದರೆ ಒಲೆ ಪಕ್ಕ ಇಂಗಿನ ಡಬ್ಬಿ, ರಾಜನ ಹಾಗೆ ಒಂಟಿಯಾಗಿ ಕೂತಿದೆ. ಇಬ್ಬರೂ ನಕ್ಕೆವು.

ಇನ್ನು ದಿನಾ ಎರಡು ಹೊತ್ತು ಅಭ್ಯಾಸ ಎಂದು ಹೇಳಿದ್ದೇನೆ. ಲವಂಗ, ನಿಂಬೆ, ಕಾಫಿಪುಡಿ, ಇಂಗು. ಮೂಸಬೇಕು, ನೆನಪಿಸಿಕೊಳ್ಳಬೇಕು. ಬಂದರೆ ಬಂತು ಎನ್ನಬೇಕು. ಬರದಿದ್ದರೆ ಇಲ್ಲ ಎನ್ನಬೇಕು. ನಾನು ಅಳುವುದಿಲ್ಲ. ಒಪ್ಪಂದ.

ಆಗಸ್ಟ್ 22, ಭಾನುವಾರ

ತಿಂಗಳಾಯಿತು ಬರೆಯದೆ. ಬರೆಯುವಂಥದ್ದೇನೂ ಇಲ್ಲ. ದಿನಾ ಮೂಸುತ್ತಾನೆ. ದಿನಾ ತಪ್ಪದೆ "ಇಲ್ಲ" ಎನ್ನುತ್ತಾನೆ. ಆ ಇಲ್ಲ ಕೇಳಿದರೆ ಈಗ ನೋವಾಗುವುದಿಲ್ಲ, ವಿಚಿತ್ರ. ಮಾರ್ಚಿನ "ಬಂತು"ಗಿಂತ ಅದೇ ಹಿತವಾಗಿದೆ. ಸ್ನಾನ ಮಾಡಿ ಬಂದರೆ ಹಿಂದಿನಿಂದ ಬರುತ್ತಾನೆ, ಕುತ್ತಿಗೆಗೆ ಮೂಗಿಡುತ್ತಾನೆ, "ಇಲ್ಲ" ಎಂದು ಅಲ್ಲೇ ನಿಲ್ಲುತ್ತಾನೆ. ನನಗೆ ಇಷ್ಟು ಸಾಕು. ನಿಜವಾಗಿ ಸಾಕು. ಮೂಗು ಬರದಿದ್ದರೂ ನಾವು ಚೆನ್ನಾಗಿರುತ್ತೇವೆ ಎಂದು ಇವತ್ತು ಮೊದಲ ಸಲ ಅನ್ನಿಸಿತು. ಅದಕ್ಕೇ ಒಲೆಯ ಮೇಲೆ ಹಾಲಿಟ್ಟು ಬಂದು ಬರೆಯಲು ಕೂತೆ, ಹಿಂದಿನ ಅಂಗಳದಲ್ಲಿ, ಬಿಸಿಲಿಗೆ. ಹೇಮು ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ಅವರಮ್ಮನ ಜೊತೆ ಫೋನಿನಲ್ಲಿದ್ದಾನೆ. ಭಾನುವಾರದ ಕಾರ್ಯಕ್ರಮ, ಒಂದು ಗಂಟೆಗೆ ಕಡಿಮೆ ಮುಗಿಯುವುದಿಲ್ಲ. ಅಷ್ಟರಲ್ಲಿ ನಾಳೆಗೆ ದೋಸೆ ಹಿಟ್ಟು

ಕೂಗುತ್ತಿದ್ದಾನೆ, ಮೇಲಿಂದ. "ಶರ್ಮೀ, ಏನೋ ಸೀದ್ ಹೋಗ್ತಿದೆ ನೋಡೇ."

ಹಾಲು. ಮರೆತೇಬಿಟ್ಟೆ. ಇಲ್ಲಿ ಕೂತ ನನಗೇ ಗೊತ್ತಾಗಲಿಲ್ಲ, ಬಾಗಿಲು ಹಾಕಿಕೊಂಡು ಮೇಲೆ ಕೂತ ಇವನಿಗೆ ಹೇಗೆ